ಪ್ಯಾಲಿಯೇಟಿವ್ ಕೋರ್ಸ್ ಆರಿಸುವಾಗ ಕೇಳಬೇಕಾದ ಪ್ರಶ್ನೆ: ಎಷ್ಟು ಮನೆಗೆ ಕರ್ಕೊಂಡು ಹೋಗ್ತೀರಿ?

ಹೋದ ತಿಂಗಳು ಶಿರಸಿಯಿಂದ ಒಬ್ಬ ಸಿಸ್ಟರ್ ಫೋನ್ ಮಾಡಿದ್ದರು. 12 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವರು. "ಮೇಡಂ, ಪ್ಯಾಲಿಯೇಟಿವ್ ಕೇರ್‌ನಲ್ಲಿ ಏನಾದ್ರೂ ಓದಬೇಕು ಅಂತಿದ್ದೇನೆ, ಯಾವ ಕೋರ್ಸ್ ಒಳ್ಳೇದು?" ಪ್ಯಾಲಿಯೇಟಿವ್ ಕೇರ್ ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ. ನಾನು ಕೋರ್ಸಿನ ಹೆಸರು ಹೇಳಲಿಲ್ಲ. ಎಂತಕ್ಕೆ ಓದಬೇಕು ಅನಿಸ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಮ್ಮ ಅತ್ತೆ ಕೊನೆಯ ಎರಡು ತಿಂಗಳು ಮನೆಯಲ್ಲೇ ಇದ್ರು. ನಾನು ನರ್ಸು. ಆದ್ರೂ ಎಂತ ಮಾಡಬೇಕು ಗೊತ್ತಾಗಲಿಲ್ಲ" ಅಂದರು.

ನನ್ನ ಕಥೆಯೂ ಹೆಚ್ಚುಕಮ್ಮಿ ಅದೇ. ಕುಮಟೆಯಲ್ಲಿ ಪ್ರಾಕ್ಟೀಸ್ ಶುರು ಮಾಡಿ ಹತ್ತು ವರ್ಷ ಆಗುವವರೆಗೆ ನಾನು ಕ್ಯಾನ್ಸರ್ ನೋವಿಗೆ ಮಾತ್ರೆ ಬರೆದು, ಚೀಟಿಯ ಕೊನೆಗೆ "ನೋವು ಬಂದರೆ ಮಾತ್ರ" ಅಂತ ಸೇರಿಸುತ್ತಿದ್ದೆ. ಅದು ಎಂಥ ತಪ್ಪು ಅಂತ ಗೊತ್ತಾಗಿದ್ದು 40 ದಾಟಿದ ಮೇಲೆ, ಮತ್ತೆ ವಿದ್ಯಾರ್ಥಿಯಾಗಿ ಕೂತಾಗ. ಪೇಷಂಟ್ ಏನು ಮಾಡ್ತಾರೆ ಹೇಳಿ? ಮಾತ್ರೆ ಉಳಿಸ್ತಾರೆ. ತಡೆಯಲಿಕ್ಕೇ ಆಗದಷ್ಟು ನೋವು ಬಂದ ಮೇಲೆ ನುಂಗ್ತಾರೆ. ಅದು ಕೆಲಸ ಮಾಡುವಷ್ಟರಲ್ಲಿ ಒಂದು ಗಂಟೆ ಒದ್ದಾಟ, ಕೆಲಸ ಮುಗಿದ ಮೇಲೆ ಮತ್ತೆ ಕಾಯುವುದು. ಹೀಗೆ ದಿನವಿಡೀ ನೋವನ್ನು ಕಾಯುವ ಕೆಲಸಕ್ಕೆ ನಾನೇ ಅವರನ್ನು ಹಚ್ಚಿದ್ದೆ.

ತೀವ್ರ ನೋವಿಗೆ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ತಾಸು. ಅದಕ್ಕೇ ಗಡಿಯಾರ ನೋಡಿ ಕೊಡಬೇಕು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿಯದು ಎರಡು ಪಟ್ಟು, ನಡುರಾತ್ರಿ 2ಕ್ಕೆ ಮನೆಯವರು ಏಳುವುದು ಬೇಡ ಅಂತ. ಓದಲು ಬಾರದವರ ಮನೆಯಲ್ಲಿ ಕಾಗದದ ಮೇಲೆ ಸೂರ್ಯ, ಚಂದ್ರ ಬರೆದು ಗೋಡೆಗೆ ಅಂಟಿಸಿ ಬರುತ್ತೇವೆ. ಜೊತೆಗೆ ಮೊದಲ ದಿನದಿಂದಲೇ ಮಲಬದ್ಧತೆಗೆ ಮಾತ್ರೆ. ಇದನ್ನು ಬರೆಯಲು ಮರೆತರೆ ಒಂದು ವಾರದಲ್ಲಿ ಪೇಷಂಟ್ "ನೋವೇ ಅಡ್ಡಿಲ್ಲ, ಈ ಮಾತ್ರೆ ಬೇಡ" ಅಂತ ಬಿಟ್ಟುಬಿಡುತ್ತಾರೆ, ನಾವು ಮಾರ್ಫಿನ್ ಒಗ್ಗಲಿಲ್ಲ ಅಂತ ಬರೆದುಕೊಳ್ಳುತ್ತೇವೆ. ಇಂಥದ್ದೆಲ್ಲ ಎಂಬಿಬಿಎಸ್‌ನಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಮಾರ್ಫಿನ್ ಅಂದರೆ ಚಟ, ಮಾರ್ಫಿನ್ ಅಂದರೆ ಉಸಿರು ನಿಲ್ಲುವುದು, ಇಷ್ಟೇ ಓದಿದ್ದು. 2019ರ ಹೊಸ ಪಠ್ಯಕ್ರಮದಲ್ಲಿ ಪ್ಯಾಲಿಯೇಟಿವ್ ಕೇರ್ ಬಂದಿದೆ, ಈಗಿನ ಮಕ್ಕಳು ಪುಣ್ಯವಂತರು.

ಈಗ ಕೋರ್ಸುಗಳ ವಿಷಯ. ಎಂಬಿಬಿಎಸ್ ಮುಗಿಸಿದ ಡಾಕ್ಟರಿಗೆ ಪೂರ್ತಿ ದಾರಿ ಅಂದರೆ ಪ್ಯಾಲಿಯೇಟಿವ್ ಮೆಡಿಸಿನ್‌ನಲ್ಲಿ ಎಂಡಿ. ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆದು ಹೋಗುವ 3 ವರ್ಷದ ಓದು. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ 2012ರಲ್ಲಿ ಶುರುವಾಯಿತು, ಆಮೇಲೆ ದೆಹಲಿಯ ಏಮ್ಸ್‌ಗೂ ಬಂತು. ಎಂಡಿಗೆ ಸಮ ಅನ್ನುವ ಡಿಎನ್‌ಬಿ ಕೂಡ ಇದೆ. ಸೀಟು ಕಡಿಮೆ, ಆದರೆ ಸ್ಕೋರ್ ಬಂದವರೆಲ್ಲ ಚರ್ಮರೋಗ, ರೇಡಿಯಾಲಜಿ ಕಡೆ ಓಡುವುದರಿಂದ, ನಿಜಕ್ಕೂ ಮನಸ್ಸಿದ್ದವರಿಗೆ ಬಾಗಿಲು ಅಷ್ಟೇನೂ ಬಿಗಿಯಾಗಿಲ್ಲ ಅಂತ ನನ್ನ ಅಂದಾಜು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಎಂಎಸ್ಸಿ ಇದೆ, ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ನಮ್ಮ ದೇಶದ ಎಷ್ಟೋ ಡಾಕ್ಟರುಗಳು ಓದಿದ್ದಾರೆ. ಫೀಸು ಪೌಂಡಿನಲ್ಲಿ, ಅದಕ್ಕೆ ನಾನು ಆ ಕಡೆ ತಲೆಹಾಕಲಿಲ್ಲ.

ಊರು ಬಿಟ್ಟು ಮೂರು ವರ್ಷ ಹೋಗಲಾಗದವರಿಗೆ, ಅಂದರೆ ನನಗೆ, ಆ ಸಿಸ್ಟರ್‌ಗೆ, ತಾಲೂಕು ಆಸ್ಪತ್ರೆಯ ಡಾಕ್ಟರಿಗೆ, ಇನ್ನೊಂದು ದಾರಿ ಇದೆ. ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘ 1994ರಿಂದ ಇದೆ. ಅವರ ಸರ್ಟಿಫಿಕೇಟ್ ಕೋರ್ಸನ್ನು ಡಾಕ್ಟರೂ ನರ್ಸೂ ಇಬ್ಬರೂ ಕೆಲಸ ಮಾಡುತ್ತಲೇ ಓದಬಹುದು. ಅದಾದ ಮೇಲೆ ಕೋಝಿಕ್ಕೋಡಿನ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಲಿಯೇಟಿವ್ ಮೆಡಿಸಿನ್, ತಿರುವನಂತಪುರದ ಪ್ಯಾಲಿಯಂ ಇಂಡಿಯಾ, ಇಂಥ ಕಡೆ ಕೈಯಾರೆ ಕಲಿಸುವ ತರಬೇತಿ ಇವೆ. ನಾನು ಮೊದಲು ಸರ್ಟಿಫಿಕೇಟ್ ಮಾಡಿ, ಆಮೇಲೆ ಆರು ವಾರ ಕೋಝಿಕ್ಕೋಡಿಗೆ ಹೋದೆ. ಕುಮಟೆಯಲ್ಲಿ ರೈಲು ಹತ್ತಿದರೆ ಆಯ್ತು, ಬದಲಾಯಿಸುವ ತಾಪತ್ರಯವೂ ಇಲ್ಲ.

ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಹೆಸರಿನ ಮುಂದೆ ಯಾವ ಅಕ್ಷರ ಬರುತ್ತದೆ ಅಂತ ಆಮೇಲೆ ನೋಡಿ. ಕೋರ್ಸಿನವರಿಗೆ ಫೋನ್ ಮಾಡಿ, ಎಷ್ಟು ಪೇಷಂಟುಗಳ ಮನೆಗೆ ಕರ್ಕೊಂಡು ಹೋಗ್ತೀರಿ ಅಂತ ಕೇಳಿ. ಬರೀ ವಿಡಿಯೋ, ಬರೀ ಆನ್‌ಲೈನ್ ಪರೀಕ್ಷೆ ಅಂದರೆ ಅದು ಶುರುವಿಗೆ ಸಾಕು, ಅಷ್ಟಕ್ಕೇ ನಿಲ್ಲಿಸಬೇಡಿ. ಎಂತಕ್ಕೆ ಅಂದರೆ, ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಬೇರೆಯವರ ಅಡುಗೆಮನೆ ಬಾಗಿಲಲ್ಲಿ ನಿಂತು ಕಲಿತದ್ದು.

ಕೋಝಿಕ್ಕೋಡಿನಲ್ಲಿ ಮೊದಲ ದಿನ ಜೀಪಿನಲ್ಲಿ ನನ್ನನ್ನು ಕರೆದುಕೊಂಡು ಹೋದವರು ಒಬ್ಬ ನರ್ಸ್. ನಾನು ಡಾಕ್ಟರ್ ಅನ್ನುವ ಗತ್ತಿನಲ್ಲಿ ಸೀದಾ ಪೇಷಂಟ್ ಹತ್ತಿರ ಹೋದೆ. ಅವರು ಮೊದಲು ಒಳಗೆ ಹೋಗಿ ಒಲೆ ನೋಡಿದರು. ತಣ್ಣಗಿತ್ತು. ದುಡಿಯುವ ಗಂಡಸೇ ಮಲಗಿದ್ದಾನೆ, ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ ಅನ್ನುವುದೂ ಅವರ ತಪಾಸಣೆಯ ಒಂದು ಭಾಗ. ಅಲ್ಲಿನ ಸಂಘಗಳು ಅಕ್ಕಿ ಬೇಳೆಯನ್ನೂ ಕೊಡುತ್ತವೆ, ಮಕ್ಕಳ ಶಾಲೆಯ ಖರ್ಚನ್ನೂ ನೋಡುತ್ತವೆ. ನೋವು ಅಂದರೆ ದೇಹದ್ದು ಮಾತ್ರ ಅಲ್ಲ, ಮನಸ್ಸಿನದು, ಮನೆಯದು, ದೇವರ ಜೊತೆಗಿನ ಜಗಳದ್ದು ಎಲ್ಲ ಸೇರಿದ್ದು ಅಂತ ಇಂಗ್ಲೆಂಡಿನ ಡಾಕ್ಟರ್ ಸಿಸಿಲಿ ಸಾಂಡರ್ಸ್ ಹೇಳಿದ್ದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ತಣ್ಣಗಿನ ಒಲೆ ನೋಡುವವರೆಗೆ ಅರ್ಥ ಆಗಿರಲಿಲ್ಲ.

ಈ ಸಾಂಡರ್ಸ್ ಕಥೆ ನರ್ಸುಗಳಿಗೆ ನಾನು ಯಾವಾಗಲೂ ಹೇಳುತ್ತೇನೆ. ಮೊದಲು ನರ್ಸ್, ಬೆನ್ನುನೋವಿಂದ ಅದು ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಆಮೇಲೆ 30 ದಾಟಿದ ಮೇಲೆ ಮೆಡಿಕಲ್ ಸೇರಿ 1957ರಲ್ಲಿ, 40ರ ಹತ್ತಿರ, ಡಾಕ್ಟರ್. ಹತ್ತು ವರ್ಷಕ್ಕೆ, 1967ರಲ್ಲಿ, ಲಂಡನ್ನಿನಲ್ಲಿ ಅವಳು ಕಟ್ಟಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆಯ ಮನೆ, ಬಾಗಿಲು ತೆರೆಯಿತು. ಮೂರೂ ಕೆಲಸ ಒಬ್ಬಳೇ ಮಾಡಿದ್ದಳು. ನಾವು ಮೂರು ಜನ ಸೇರಿ ಮಾಡಿದರೆ ಸಾಕು.

ಅಂಕೋಲಾ ಕಡೆಯ ಒಂದು ಮನೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ. ಜೀವಮಾನ ಇಡೀ ಕವಳ (ಎಲೆ ಅಡಿಕೆ) ಹಾಕಿದವರು, ದವಡೆಯ ಕ್ಯಾನ್ಸರ್. ಆಪರೇಷನ್ ಆಗಿ, ಕರೆಂಟ್ (ರೇಡಿಯೇಷನ್) ಕೊಟ್ಟು, ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ "ಇನ್ನೇನೂ ಮಾಡೋದಿಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದಿದ್ದರು. ಜಗಲಿ ಹತ್ತುವಾಗಲೇ ಊದುಬತ್ತಿಯ ಹೊಗೆ. ಒಂದಲ್ಲ, ಕಟ್ಟುಗಟ್ಟಲೆ. ಅದರ ಅಡಿಯಲ್ಲಿ ಹುಣ್ಣಿನ ವಾಸನೆ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಊಟದ ಬಟ್ಟಲನ್ನು ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದರು. ಬೈಯುವ ಹಾಗಿಲ್ಲ, ಮನೆಯವರಿಗೂ ತಡೆಯುವುದು ಕಷ್ಟವೇ.

ಆ ವಾಸನೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳದ್ದು. ಹೊಟ್ಟೆ ಕೆಟ್ಟಾಗ ಕೊಡುತ್ತೇವಲ್ಲ, ಅದೇ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಬೇಕು. ಮೊದಲು ಕುದಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆಯುವುದು, ಒಣಗಿದ ಪಟ್ಟಿಯನ್ನು ಕೀಳದೆ ನೆನೆಸಿ ಬಿಡಿಸುವುದು. ಗಾಜ್ ದುಬಾರಿ ಅನಿಸಿದರೆ ಹಳೇ ಹತ್ತಿ ಪಂಚೆಯನ್ನು ಕುದಿಸಿ ಒಣಗಿಸಿ ಕತ್ತರಿಸಿ ಇಡಬಹುದು. ಅವರ ಹೆಂಡತಿ ಎರಡೇ ದಿನದಲ್ಲಿ ಕಲಿತರು, ನನಗಿಂತ ಹಗುರ ಕೈ. ನಾಲ್ಕನೇ ದಿನ ಹೋದಾಗ ಊದುಬತ್ತಿ ಇರಲಿಲ್ಲ. ಮೊಮ್ಮಗ ಅಜ್ಜನ ಕಾಲ ಬುಡದಲ್ಲಿ ಕೂತು ಮೊಬೈಲ್ ನೋಡುತ್ತಿದ್ದ, ಅಜ್ಜ ಈ ಕಡೆ ಮುಖ ಮಾಡಿದ್ದರು. ಖರ್ಚು? ಕೆಲವು ರೂಪಾಯಿಯ ಮಾತ್ರೆ. ಇದನ್ನು ನನಗೆ ಹೇಳಿಕೊಟ್ಟವರು ಕೂಡ ಅದೇ ಒಲೆ ನೋಡಿದ ನರ್ಸ್.

ಓದಿನಲ್ಲಿ ಕಷ್ಟದ್ದು ಔಷಧದ ಲೆಕ್ಕ ಅಲ್ಲ, ಮಾತು. ತರಬೇತಿಯಲ್ಲಿ ಒಬ್ಬರು ಡಾಕ್ಟರ್, ಒಬ್ಬರು ಪೇಷಂಟ್ ಆಗಿ ಪಾತ್ರ ಮಾಡಿಸುತ್ತಾರೆ. ಯಕ್ಷಗಾನದ ಊರಿನವಳು, ಇದೇನು ಮಹಾ ಅಂದುಕೊಂಡಿದ್ದೆ. ನನಗೆ ಪೇಷಂಟ್ ಪಾತ್ರ ಬಂತು. ಎದುರು ಕೂತ ಸರ್ಜನ್ ಆರು ನಿಮಿಷ ಸಿಟಿ ಸ್ಕ್ಯಾನ್ ಬಗ್ಗೆ ಹೇಳಿದರು, ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಪಾತ್ರ ಅಂತ ಗೊತ್ತಿದ್ದೂ ನನಗೆ ಅಳು ಬಂತು. ನಾನೂ ಹಾಗೇ ಮಾತಾಡುತ್ತಿದ್ದೆ ಅಲ್ವಾ ಅಂತ.

ನಮ್ಮ ಕಡೆ ಇನ್ನೊಂದು ಕಗ್ಗಂಟು ಇದೆ. ಮಗ ಮೊದಲೇ ಕ್ಲಿನಿಕ್ಕಿಗೆ ಬಂದು, "ಅಪ್ಪನಿಗೆ ಹೇಳೂದು ಬೇಡ ಡಾಕ್ಟ್ರೇ, ಧೈರ್ಯಗೆಡ್ತಾರೆ" ಅನ್ನುತ್ತಾರೆ. ಅಪ್ಪ, ಮಗ ಹೊರಗೆ ಹೋದಾಗ, "ಅವನಿಗೆ ಹೇಳಬೇಡಿ, ನನಗೆ ಗೊತ್ತುಂಟು" ಅನ್ನುತ್ತಾರೆ. ತೋಟ ಯಾರಿಗೆ, ಸೊಸೈಟಿ ಸಾಲ ಎಷ್ಟು, ಏನೂ ಮಾತಾಗದೆ ಇಬ್ಬರೂ ಒಂದೇ ಚಾವಡಿಯಲ್ಲಿ ಕೂತಿರುತ್ತಾರೆ. ಮಗನನ್ನು ಗದರಿಸಿದರೆ ಕೆಲಸ ಆಗುವುದಿಲ್ಲ. ಅವರ ಭಯ ಏನು ಅಂತ ಮೊದಲು ಕೇಳಬೇಕು. ಆಮೇಲೆ ಅಪ್ಪನಿಗೆ ಎಷ್ಟು ಗೊತ್ತಿದೆ ಅಂತ ಮಗನ ಎದುರೇ ಅಪ್ಪನನ್ನೇ ಕೇಳುವುದು. ಹೇಳುವುದಕ್ಕಿಂತ ಮುಂಚೆ ಕೇಳುವುದು, ಕೋರ್ಸಿನ ಅರ್ಧ ಅಷ್ಟೇ.

ಪ್ಯಾಲಿಯೇಟಿವ್ ಶಬ್ದದ ಮೂಲ ಲ್ಯಾಟಿನ್ನಿನ ಪ್ಯಾಲಿಯಂ, ಹೊದೆಯುವ ಬಟ್ಟೆ ಅಂತ. ನಮ್ಮ ಕಂಬಳಿ ಕೊಪ್ಪೆ ಅಂದುಕೊಳ್ಳಿ. ಹಾಗಂತ ಇದು ಕೊನೆಯ ವಾರಕ್ಕೆ ಮಾತ್ರ ಅಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಜಾಸ್ತಿ ಜನ ಇವತ್ತಿಗೂ ಹಾಗೇ ತಿಳಿದಿದ್ದಾರೆ. 2010ರಲ್ಲಿ ಅಮೆರಿಕದಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನವರಿಗೆ ಮೊದಲಿಂದಲೇ ಪ್ಯಾಲಿಯೇಟಿವ್ ಕೇರ್ ಕೊಟ್ಟು ನೋಡಿದಾಗ, ಅವರು ನೆಮ್ಮದಿಯಾಗಿದ್ದರು ಮಾತ್ರವಲ್ಲ, ಬದುಕಿದ್ದೂ ಜಾಸ್ತಿ: 11.6 ತಿಂಗಳು, ಉಳಿದವರು 8.9. ಹೃದಯ ಸೋತವರು, ದಮ್ಮಿನವರು, ಡಯಾಲಿಸಿಸ್ ಬೇಡ ಅನ್ನುವವರು, ಮರೆವಿನ ಕಾಯಿಲೆಯವರು, ಎಲ್ಲರೂ ಇದರಲ್ಲಿ ಬರುತ್ತಾರೆ.

ಕಾನೂನನ್ನೂ ಓದಬೇಕು, ಬೇಜಾರು ಅನಿಸಿದರೂ. 2014ರ ಎನ್‌ಡಿಪಿಎಸ್ ಅಂದರೆ ಮಾದಕ ವಸ್ತು ಕಾನೂನಿನ ತಿದ್ದುಪಡಿಯ ಮುಂಚೆ ಮಾರ್ಫಿನ್ ಇಡಲು ಹಲವು ಇಲಾಖೆಗಳಿಗೆ ಓಡಾಡಬೇಕಿತ್ತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಆಸ್ಪತ್ರೆಯೇ ಇಡಬಹುದು, ತರಬೇತಿ ಪಡೆದ ಡಾಕ್ಟರ್ ಇರಬೇಕು, ರಿಜಿಸ್ಟರ್ ಸರಿಯಾಗಿರಬೇಕು. ಅಂದರೆ ಆ ಸಣ್ಣ ಸರ್ಟಿಫಿಕೇಟಿನಿಂದಲೇ ಒಂದು ಊರಿಗೆ ಮಾರ್ಫಿನ್ ಬರಬಹುದು.

ನಮ್ಮ ಜಿಲ್ಲೆಗೆ ಇದು ಯಾಕೆ ಅಷ್ಟು ಬೇಕು ಅಂದರೆ, ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜು ಇದ್ದರೂ ದೊಡ್ಡ ಕಾಯಿಲೆಗೆ ನಾವು ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಲಿಂ ಅಂತ ಹೊರಡುವವರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಹೋರಾಟದಲ್ಲಿ ನಾನೂ ಬೇಕು ಅನ್ನುವವಳೇ. ಆದರೆ ಹೋದವರು ವಾಪಸ್ ಬರುತ್ತಾರಲ್ಲ, ಅವರನ್ನು ನೋಡುವವರು ಯಾರು? 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಅಂಕೋಲೆಯ ಕಡೆ ನಮ್ಮ ಇಬ್ಬರು ಪೇಷಂಟ್ ಇದ್ದರು. ಮಳೆಗಾಲಕ್ಕೆ ಮುಂಚೆ ಹೆಚ್ಚು ದಿನದ ಮಾತ್ರೆ ಕೊಟ್ಟಿರುವ ಅಭ್ಯಾಸ ಇದ್ದದ್ದಕ್ಕೆ ಬಚಾವಾದೆವು. ಉಳಿದದ್ದು ಫೋನಿನಲ್ಲಿ. ಹೆಂಡತಿ, ಸೊಸೆ ಇವರಿಗೆ ಮೊದಲೇ ಕಲಿಸಿಟ್ಟಿದ್ದರಿಂದ ಫೋನ್ ಸಾಕಾಯಿತು.

ಶಿರಸಿಯ ಸಿಸ್ಟರ್ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಸರ್ಟಿಫಿಕೇಟ್ ಕೋರ್ಸಿಗೆ ಹೆಸರು ಕೊಟ್ಟಾಯಿತಂತೆ, ಕೋಝಿಕ್ಕೋಡಿಗೆ ಹೋಗಲು ರಜೆ ಮಾತ್ರ ಇನ್ನೂ ಮಂಜೂರಾಗಿಲ್ಲ. "ಮಲಯಾಳಂ ಬರೂದಿಲ್ಲ ಮೇಡಂ, ಎಂತ ಮಾಡೂದು?" ಅಂದರು. ನಾನು ಹೋದಾಗ ಎರಡೇ ಶಬ್ದ ಗೊತ್ತಿತ್ತು, "ವೇದನ ಉಂಡೋ?" ನೋವು ಇದೆಯಾ ಅಂತ. ಅದನ್ನೇ ಹೇಳಿಕೊಟ್ಟೆ. ಫೋನಿನಲ್ಲೇ ನಾಲ್ಕು ಸಲ ಹೇಳಿ ಬರೆದುಕೊಂಡರು.