ಕೈಪ್‌ನ ಹೊಂಬಿಸಿಲು: ಮೊದಲು ಸೂರ್ಯ ಎಲ್ಲಿದ್ದಾನೆ ಅಂತ ನೋಡಿ

17ನೇ ಶತಮಾನದ ಡಚ್ ಭೂದೃಶ್ಯ ಚಿತ್ರಗಳನ್ನು ಓದುವಾಗ ನಾನು ಎರಡು ಕಡೆ ಎಡವಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಉದಾಹರಣೆಗೆ ಇಟ್ಟುಕೊಂಡದ್ದು ಆಲ್ಬರ್ಟ್ ಕೈಪ್ (1620–1691) ಬರೆದ ನದಿ ತೀರದ ಚಿತ್ರ. ಕುದುರೆ ಸವಾರ, ಹಳ್ಳಿಯವರು, ದನಗಳು, ಹಿಂದೆ ಬೆಟ್ಟ. ಸುಮಾರು 1658–60ರದ್ದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಮೊದಲ ಎಡವು ಬೆಟ್ಟದ್ದು. ಕೈಪ್ ಡೋರ್ಡ್ರೆಕ್ಟ್ ಊರಿನವನು. ನೆದರ್ಲೆಂಡ್ಸ್‌ನ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಹಾಗಿದ್ದರೆ ಬೆಟ್ಟ ಎಲ್ಲಿಂದ ಬಂತು? ಒಂದಿಷ್ಟು ಅವನೇ ನೋಡಿದ್ದು: 1651–52ರ ಸುಮಾರಿಗೆ ರೈನ್ ನದಿಯ ಗುಂಟ ಹೋಗಿ ರೇಖಾಚಿತ್ರ ಮಾಡಿಕೊಂಡು ಬಂದಿದ್ದ. ಇನ್ನೊಂದಿಷ್ಟು ಯಾನ್ ಬೋಟ್ ಅನ್ನುವ ಇನ್ನೊಬ್ಬ ಡಚ್ ಚಿತ್ರಕಾರನ ಕಡೆಯಿಂದ. ಬೋಟ್ ರೋಮಿನಲ್ಲಿದ್ದು 1640ರ ದಶಕದ ಆರಂಭದಲ್ಲಿ ಯುಟ್ರೆಕ್ಟ್‌ಗೆ ಮರಳಿದವನು. ಇಟಲಿಯ ಬಿಸಿಲನ್ನು ತನ್ನೂರಲ್ಲೇ ಕೂತು ಬರೆಯುತ್ತಿದ್ದ. ಕೈಪ್ ಇಟಲಿಗೆ ಹೋದದ್ದಕ್ಕೆ ದಾಖಲೆಯೇ ಇಲ್ಲ, ಆ ಬಿಸಿಲನ್ನು ಬೋಟ್‌ನ ಚಿತ್ರಗಳಿಂದ ಕಲಿತ. ಇಂಥ ಚಿತ್ರಗಳಿಗೆ 'ಇಟಾಲಿಯನೇಟ್' ಅನ್ನುತ್ತಾರೆ. ಅಂದರೆ ಇಟಲಿಯ ಶೈಲಿಯದ್ದು ಅಂತ, ಇಟಲಿಯಲ್ಲಿ ಬರೆದದ್ದು ಅಂತಲ್ಲ. ನಾನು ಹಾಗೇ ಬರೆದು ಅಂಕ ಕಳೆದುಕೊಂಡೆ.

ಎರಡನೆಯದು ಬೆಳಕು. ಇಲ್ಲಿ ನನಗೆ ಮೂರು ದಿನ ಹಿಡಿಯಿತು. ಚಿತ್ರವೆಲ್ಲ ಹೊಂಬಣ್ಣ, ಆದರೂ ಹತ್ತಿರದ ದನ, ಮನುಷ್ಯರೆಲ್ಲ ಯಾಕೆ ಇಷ್ಟು ಕಪ್ಪು? ನನ್ನ ತಪ್ಪು ಇಷ್ಟೇ: ಬೆಳಕು ನಮ್ಮ ಬೆನ್ನ ಹಿಂದಿನಿಂದ ಬೀಳುತ್ತಿದೆ ಅಂದುಕೊಂಡಿದ್ದೆ. ಕೈಪ್ ಸೂರ್ಯನನ್ನು ಎದುರುಗಡೆ ಇಡುತ್ತಾನೆ, ಒಂದು ಪಕ್ಕಕ್ಕೆ, ತೀರಾ ತಗ್ಗಿನಲ್ಲಿ. ಆಗ ದನದ ಆಚೆ ಮೈಗೆ ಬಿಸಿಲು, ನಮಗೆ ಕಾಣುವ ಈಚೆ ಮೈಗೆ ನೆರಳು. ಬೆನ್ನಿನ ಅಂಚಿನಲ್ಲಿ ಮಾತ್ರ ಒಂದು ತೆಳು ಚಿನ್ನದ ಗೆರೆ. ನೆರಳುಗಳು ಉದ್ದವಾಗಿ, ಓರೆಯಾಗಿ ನಮ್ಮ ಕಡೆಗೇ ಚಾಚುತ್ತವೆ. ಗಾಳಿಯಲ್ಲಿರುವ ತೇವ, ಧೂಳಿನ ಮೇಲೂ ಅದೇ ಬಿಸಿಲು ಬೀಳುವುದರಿಂದ ದೂರದ ಬೆಟ್ಟ ಮಬ್ಬಾಗಿ, ತಿಳಿಬಣ್ಣವಾಗಿ ಕಾಣುತ್ತದೆ. ಹತ್ತಿರದ್ದು ಗಾಢ, ದೂರದ್ದು ತಿಳಿ. ಚಿತ್ರಕ್ಕೆ ಆಳ ಬರುವುದು ಹೀಗೆ. ನಂಬಿಕೆ ಬರದಿದ್ದರೆ ಸಂಜೆ ಐದೂವರೆಗೆ ಸೂರ್ಯನ ಕಡೆ ಬೆನ್ನು ಮಾಡಿ ಯಾರನ್ನಾದರೂ ನಿಲ್ಲಿಸಿ, ಎದುರಿನಿಂದ ಮೊಬೈಲಲ್ಲಿ ಫೋಟೋ ತೆಗೆಯಿರಿ. ಮುಖ ಕಪ್ಪು, ಕೂದಲಂಚು ಬಂಗಾರ. ನಾನು ತಮ್ಮನನ್ನು ನಿಲ್ಲಿಸಿದ್ದೆ. ಅವನಿಗೆ ಫೋಟೋ ಹಿಡಿಸಲಿಲ್ಲ, ನನಗೆ ಕೈಪ್ ಅರ್ಥವಾದ.

ನನ್ನ ಸುಲಭದ ದಾರಿ: ಚಿತ್ರ ಯಾರದ್ದೇ ಇರಲಿ, ಮೊದಲು ನೆರಳಿನ ತುದಿ ಹಿಡಿದು ಹಿಂದಕ್ಕೆ ಹೋಗಿ. ಸೂರ್ಯ ಸಿಗುತ್ತಾನೆ.

ಸವಾರನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಒಳ್ಳೆ ಬಟ್ಟೆಯ ಸವಾರ, ಪಕ್ಕದಲ್ಲಿ ದನ ಕಾಯುವವರು. ಇಂಥ ನೆಮ್ಮದಿಯ ನಾಡು ಸಿರಿವಂತ ಗಿರಾಕಿಗಳಿಗೆ ಇಷ್ಟ. ಹಾಗಂತ 'ಎಲ್ಲವೂ ಶಾಂತ' ಅಂತ ಸುಮ್ನೆ ಬರೆದು ಮುಗಿಸಬೇಡಿ. ಎಡಗಡೆ ಪೊದೆಯಲ್ಲಿ ಒಬ್ಬ ಬೇಟೆಗಾರ ಅಡಗಿ ಕೂತು ಬಾತುಕೋಳಿಗಳಿಗೆ ಗುರಿ ಇಟ್ಟಿದ್ದಾನೆ. ನನಗೆ ಕಂಡದ್ದು ಮೂರನೇ ಸಲ ನೋಡಿದಾಗ.