ಒಂದೇ ಮೋಟರ್, ಹಲವು ಜಾರ್

ಚಟ್ನಿಗೊಂದು, ಮಸಾಲೆಗೊಂದು ಅಂತ ಯಾರೂ ಎರಡು ಮಿಕ್ಸಿ ಕೊಳ್ಳುವುದಿಲ್ಲ. ಜಾರ್ ಬದಲಿಸಿದರೆ ಆಯ್ತು. ಪ್ರೋಗ್ರಾಂ ಸರಿಯಿದೆ ಎಂದು ಗಣಿತದಿಂದ ಸಾಬೀತು ಮಾಡುವ ಟೂಲ್‌ಗಳಿಗೆ ಈ ಬುದ್ಧಿ ಬರಲು ದಶಕಗಳೇ ಹಿಡಿದವು.

ಇದು ಟೆಸ್ಟಿಂಗ್ ಅಲ್ಲ. ಟೆಸ್ಟಿಂಗ್‌ನಲ್ಲಿ ಒಂದಷ್ಟು ಇನ್‌ಪುಟ್ ಕೊಟ್ಟು ನೋಡುತ್ತೇವೆ. ಇಲ್ಲಿ ಯಾವ ಇನ್‌ಪುಟ್ ಬಂದರೂ ಎಡವಟ್ಟಾಗದು ಅಂತ ತೋರಿಸಬೇಕು. ಕೋಡನ್ನು ತರ್ಕದ ಸೂತ್ರ ಮಾಡಿಕೊಂಡು, ಅದನ್ನು ಬಿಡಿಸಬೇಕು. ಬಿಡಿಸುವ ಭಾಗವೇ ಸಾಲ್ವರ್, ಅಂದರೆ ನಮ್ಮ ಮೋಟರ್. ಅದನ್ನು ಬಳಸುವ ಟೂಲ್‌ಗಳು ಜಾರ್.

ಬರೀ ಹೌದು-ಅಲ್ಲ ಸೂತ್ರಗಳನ್ನು ಬಿಡಿಸುವ ವಿಧಾನ 1962ರಲ್ಲೇ ಇತ್ತು. ಆದರೆ ಸೂತ್ರ ದೊಡ್ಡದಾದರೆ ಉಸಿರು ಕಟ್ಟುತ್ತಿತ್ತು. 1996ರ ಗ್ರಾಸ್ಪ್, 2001ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಬಂದ ಚಾಫ್ ಎಂಬ ಸಾಲ್ವರ್‌ಗಳು ಆ ಕಥೆ ಬದಲಿಸಿದವು. ಸೋತ ದಾರಿಯಿಂದ ಪಾಠ ಕಲಿತು, ಮತ್ತೆ ಅದೇ ತಪ್ಪಿಗೆ ಕೈ ಹಾಕದಿರುವುದು ಇವುಗಳ ಗುಟ್ಟು.

ಆದರೂ ಮೋಟರ್ ಚೆನ್ನಾಗಿದ್ದರೆ ಸಾಲದು, ಜಾರ್ ಕೂರಬೇಕಲ್ವಾ? ಒಂದೊಂದು ಸಾಲ್ವರ್‌ಗೂ ತನ್ನದೇ ಭಾಷೆ. ಬೇರೆ ಸಾಲ್ವರ್ ಬೇಕೆಂದರೆ ಟೂಲ್‌ನ ಆ ಭಾಗವನ್ನು ಮತ್ತೆ ಬರೆಯಬೇಕು. 2003ರಲ್ಲಿ ಶುರುವಾದ ಎಸ್‌ಎಂಟಿ-ಲಿಬ್ ಎಲ್ಲರಿಗೂ ಒಂದೇ ಬರವಣಿಗೆ ರೂಪ ಕೊಟ್ಟಿತು. ನನ್ನನ್ನು ಕೇಳಿದರೆ ಈ ಕಥೆಯ ಹೀರೋ ಮೋಟರ್ ಅಲ್ಲ, ಮೋಟರ್‌ಗೆ ಜಾರ್ ಕೂಡಿಸುವ ಈ ಕಪ್ಲರ್.

ಮೈಕ್ರೋಸಾಫ್ಟ್‌ನ ಸ್ಲ್ಯಾಮ್ ನೋಡಿ. ವಿಂಡೋಸ್ ನೀಲಿ ಪರದೆ ತೋರಿಸಿ ಬಿದ್ದಾಗ ತಪ್ಪು ಎಷ್ಟೋ ಸಲ ಡ್ರೈವರ್‌ಗಳದ್ದು, ಅಂದರೆ ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳದ್ದು. ಹಾಕಿದ ಲಾಕನ್ನೇ ಡ್ರೈವರ್ ಮತ್ತೆ ಹಾಕುತ್ತಿದೆಯೇ ಎಂಬಂಥ ನಿಯಮಗಳನ್ನು ಪರೀಕ್ಷಿಸಲು ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಇದನ್ನು ಕಟ್ಟಿದರು. (ರಾಜಮಣಿ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಬಂದರು.) ಅದರಡಿಯ ಸಾಲ್ವರ್ ಬದಲಾಗುತ್ತಾ ಹೋಗಿ, ಸ್ಲ್ಯಾಮ್‌ನ ಎರಡನೇ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್‌ನದೇ ಸಾಲ್ವರ್ ಝಡ್3 ಬಂದು ಕೂತಿತು.

ಅದೇ ಕಂಪನಿಯ ಬೂಗಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದು ನಡುವಿನ ಭಾಷೆ. ಡಾಫ್ನಿ ಎಂಬ ಪ್ರೋಗ್ರಾಮಿಂಗ್ ಭಾಷೆಯಾಗಲಿ, ಸಿ ಕೋಡ್ ಪರೀಕ್ಷಿಸಲು ಬಂದ ವಿಸಿಸಿ ಟೂಲ್ ಆಗಲಿ, ತಮ್ಮ ಕೋಡನ್ನು ಬೂಗಿಗೆ ಇಳಿಸಿದರೆ ಸಾಕಿತ್ತು. ಸೂತ್ರ ಮಾಡಿ ಝಡ್3ಗೆ ಒಪ್ಪಿಸುವುದು ಬೂಗಿ ಪಾಡು. 2015ರಲ್ಲಿ ಝಡ್3 ಮುಕ್ತ ಲೈಸೆನ್ಸ್‌ಗೆ ಬಂತು. ಈಗ ಅಮೆಜಾನ್ ಕ್ಲೌಡ್‌ನಲ್ಲಿ ಯಾರಿಗೆ ಯಾವ ಅನುಮತಿ ಸಿಗುತ್ತದೆ ಎಂದು ನೋಡಲು ಇಂಥ ಸಾಲ್ವರ್‌ಗಳಿಗೆ ದಿನಕ್ಕೆ 100 ಕೋಟಿ ಪ್ರಶ್ನೆ ಹೋಗುತ್ತವೆ.

ಹಂಚಿಕೊಂಡ ಮೋಟರ್‌ಗೆ ಅದರದೇ ತಲೆನೋವೂ ಇದೆ. ಸಾಲ್ವರ್ ಅಪ್‌ಡೇಟ್ ಆದರೆ, ಕೋಡ್ ಒಂದಕ್ಷರ ಬದಲಾಗದಿದ್ದರೂ ನಿನ್ನೆ ಪಾಸಾದದ್ದು ಇವತ್ತು ಟೈಮ್‌ಔಟ್ ಆಗಬಹುದು. ಸಾಲ್ವರ್‌ನಲ್ಲೇ ತಪ್ಪಿದ್ದರೆ ಅದರ ಮೇಲೆ ಕೂತ ಟೂಲ್‌ಗಳೆಲ್ಲ ಒಟ್ಟಿಗೆ ಮೋಸಹೋಗುತ್ತವೆ. ಅದಕ್ಕೇ ಈಗ ಸಾಲ್ವರ್‌ನಿಂದ ಸುಮ್ನೆ ಉತ್ತರವಲ್ಲ, ಪುರಾವೆಯನ್ನೂ ಕೇಳುವುದು ಶುರುವಾಗಿದೆ. ಆ ಪುರಾವೆಯನ್ನು ನೋಡುವುದು ಬೇರೆಯದೇ ಒಂದು ಪುಟ್ಟ ಪ್ರೋಗ್ರಾಂ.