ಪೂಜೆ ಮುಗಿದ ಮೇಲೆ ದ್ವೀಪದ ಮಿಷನರಿಗೆ ಏನು ಕೆಲಸ?

ಓದುಗರ ಪ್ರಶ್ನೆ: ಅಣ್ಣನ ಮಗ ಎರಡು ವರ್ಷಕ್ಕೆ ಪಪುವಾ ನ್ಯೂಗಿನಿಯ ಮದಾಂಗ್ ಕಡೆಯ ದ್ವೀಪವೊಂದಕ್ಕೆ ಮಿಷನರಿಯಾಗಿ ಹೊರಟಿದ್ದಾನೆ. ಬೆಳಗ್ಗಿನ ಪೂಜೆ ಮುಗಿದ ಮೇಲೆ ದಿನವಿಡೀ ಅಲ್ಲಿ ಮಾಡುವುದೇನು? ಇಲ್ಲಿಂದ ಏನು ಕಟ್ಟಿ ಕಳಿಸಬೇಕು? (ಬೇಳದ ಓದುಗರು)

ಉತ್ತರ: ನೀರು ಹಿಡಿಯುವುದು, ದೋಣಿ ಹತ್ತುವುದು, ಮಾತು ಕಲಿಯುವುದು. ಮೊದಲ ವರ್ಷದ ಬಹುಪಾಲು ಹೊತ್ತು ಇದರಲ್ಲೇ ಹೋಗುತ್ತದೆ.

ಹವೆ ಕಾಸರಗೋಡಿನ ಹುಡುಗನಿಗೆ ಹೊಸದಲ್ಲ. ತೆಂಗು, ಕೆಸು, ಮರಗೆಣಸು, ಜೀಗುಜ್ಜೆ ಅಲ್ಲೂ ಉಂಟು. ಮಳೆಗಾಲ ಮಾತ್ರ ತಿರುವುಮುರುವು: ನಮ್ಮಲ್ಲಿ ಆಟಿಯ ಮಳೆ ಹೊಡೆಯುವಾಗ ಮದಾಂಗಿನಲ್ಲಿ ಮಳೆ ಕಡಿಮೆ. ವರ್ಷವಿಡೀ ಬೆಳಗ್ಗೆ ಆರರ ಸುಮಾರಿಗೆ ಬೆಳಕು, ಸಂಜೆ ಆರೂವರೆಗೆಲ್ಲ ಕತ್ತಲು.

ನಮ್ಮ ಗುಡ್ಡದಂತೆ ಸುರಂಗ ಕೊರೆದು ನೀರು ತರುವುದು ಹವಳದ ದ್ವೀಪದಲ್ಲಿ ಆಗದ ಮಾತು. ಅಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ತೆಳ್ಳಗೆ ತೇಲುತ್ತಿರುತ್ತದೆ. ಬಾವಿಯಿಂದ ಜಾಸ್ತಿ ಎಳೆದರೆ ಉಪ್ಪು ಮೇಲೇರುತ್ತದೆ. ಹಾಗಾಗಿ ತಗಡಿನ ಮಾಡಿನ ಮಳೆನೀರೇ ಗತಿ. ಒಂದು ಚದರ ಮೀಟರ್ ಮಾಡಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ಮಾಡಿಗೆ 10 ಮಿಲಿಮೀಟರ್ ಬಿದ್ದರೆ, ಸೋರಿದ್ದು ಚೆಲ್ಲಿದ್ದು ಕಳೆದು, 400 ಲೀಟರ್ ಎಂದಿಟ್ಟುಕೊಳ್ಳಿ. 5,000 ಲೀಟರಿನ ಟ್ಯಾಂಕು, ಒಟ್ಟಿಗೆ ದಿನಕ್ಕೆ 80 ಲೀಟರ್ ಬಳಸುವ ಇಬ್ಬರಿಗೆ ಎರಡು ತಿಂಗಳು ಬರುತ್ತದೆ. ಒಣ ದಿನಗಳ ನಂತರದ ಮೊದಲ ಮಳೆಯನ್ನು ಹೊರಗೆ ಬಿಡಬೇಕು. ಹಕ್ಕಿಯ ಹಿಕ್ಕೆ, ಕೊಳೆತ ಎಲೆ ಬರುವುದು ಅದರಲ್ಲೇ. ಟ್ಯಾಂಕಿನ ಬಾಯಿಗೆ ಸಣ್ಣಕಣ್ಣಿನ ಬಲೆ ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ಕುಡಿಯುವ ನೀರು ಕೊತಕೊತನೆ ಒಂದು ನಿಮಿಷ ಕುದಿಯಲೇಬೇಕು.

ದೂರದ ಊರುಗಳ ಪುಟ್ಟ ಇಗರ್ಜಿಗಳಿಗೆ ಹೋಗುವುದು ಫೈಬರ್ ದೋಣಿಯಲ್ಲಿ. ಮಧ್ಯಾಹ್ನದ ಮೇಲೆ ಗಾಳಿ ಏಳುವುದರಿಂದ ಮುಂಜಾನೆಯೇ ಹೊರಡುತ್ತಾರೆ. ಹಳೆಯ ಮಾದರಿಯ ಟೂ-ಸ್ಟ್ರೋಕ್ ಎಂಜಿನಿಗೆ ಸಾಮಾನ್ಯವಾಗಿ 20 ಲೀಟರ್ ಪೆಟ್ರೋಲಿಗೆ 400 ಮಿಲಿಲೀಟರ್ ಎಣ್ಣೆ ಬೆರೆಸಬೇಕು. ಮರೆತರೆ ಪಿಸ್ಟನ್ ಕಚ್ಚಿ ನಡುನೀರಲ್ಲಿ ನಿಲ್ಲುತ್ತದೆ. ಇಂಧನದಲ್ಲಿ ಮೂರನೇ ಒಂದು ಪಾಲು ಹೋಗಲು, ಇನ್ನೊಂದು ಬರಲು, ಉಳಿದದ್ದು ಮುಟ್ಟಬಾರದ ಪಾಲು. ಈಜು ಬರುತ್ತದೆಂದು ಲೈಫ್ ಜಾಕೆಟ್ ಬಿಡುವ ಹುಡುಗರ ಧೈರ್ಯಕ್ಕೆ ಮೆಚ್ಚುಗೆ ಬೇಡ.

ಆ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. ಎಲ್ಲರನ್ನೂ ಬೆಸೆಯುವುದು ತೋಕ್ ಪಿಸಿನ್. ಪದಗಳು ಬಹುಪಾಲು ಇಂಗ್ಲಿಷಿನವು, ವ್ಯಾಕರಣ ಬೇರೆ. ಇಂಗ್ಲಿಷ್ ಬಲ್ಲವರು ಎಡವುವುದು ‘ನಾವು’ ಎಂಬಲ್ಲಿ. ಕೇಳುವವರನ್ನೂ ಸೇರಿಸಿಕೊಂಡರೆ ‘ಯುಮಿ’, ಅವರನ್ನು ಬಿಟ್ಟರೆ ‘ಮಿಪೆಲಾ’. ಕನ್ನಡದಲ್ಲಿ ಈ ಭೇದವಿಲ್ಲ. ಆದರೆ ತುಳುವಿನ ‘ನಮ’ ಮತ್ತು ‘ಎಂಕುಲು’, ಮಲಯಾಳದ ‘ನಮ್ಮಳ್’ ಮತ್ತು ‘ಞಙ್ಙಳ್’ ಇದೇ ತಾನೆ? ನಮ್ಮ ಕಡೆಯ ಹುಡುಗನಿಗೆ ಅರ್ಧ ದಿನದ ಪಾಠ. ಜನರನ್ನು ಪ್ರಾರ್ಥನೆಗೆ ಕರೆಯುವಾಗ ‘ಯುಮಿ ಬೆತೆನ್’. ದೇವರನ್ನೇ ಉದ್ದೇಶಿಸುವಾಗ ‘ಪಾಪಾ ಬಿಲೋಂಗ್ ಮಿಪೆಲಾ’, ಏಕೆಂದರೆ ಆ ‘ನಮ್ಮ’ದೊಳಗೆ ದೇವರು ಸೇರುವುದಿಲ್ಲ. ಜನರೆದುರು ‘ಮಿಪೆಲಾ ಎಲ್ಲ ಪಾಪಿಗಳು’ ಎಂದರೆ, ಪಾಪಿಗಳು ನಾವಷ್ಟೇ, ನೀವಲ್ಲ ಎಂದಂತಾಗುತ್ತದೆ!

ಆ ಪುಟ್ಟ ಇಗರ್ಜಿಗಳನ್ನು ವರ್ಷವಿಡೀ ನಡೆಸುವವರು ಊರಿನ ಕಟೆಕಿಸ್ಟರು, ಎಂದರೆ ಪಾದ್ರಿಗಳಲ್ಲದ ಧರ್ಮೋಪದೇಶಕರು. 2025ರ ಅಕ್ಟೋಬರಿನಲ್ಲಿ ಸಂತ ಪದವಿ ಪಡೆದ ಪೀಟರ್ ತೊ ರೋಟ್ ಅಂಥ ಒಬ್ಬ ಸಂಸಾರಸ್ಥ. ಯುದ್ಧಕಾಲದಲ್ಲಿ ಜಪಾನೀಯರು ಮಿಷನರಿಗಳನ್ನು ಬಂಧನದಲ್ಲಿಟ್ಟಾಗ ಸಭೆ ನಡೆಸಿ, 1945ರಲ್ಲಿ ಕೊಲೆಯಾದವರು. ಹೊಸಬ ಅಲ್ಲಿ ಅತಿಥಿ. ಕಟೆಕಿಸ್ಟರನ್ನು ಕೇಳದೆ ಯಾವ ಬದಲಾವಣೆಗೂ ಕೈಹಾಕಬಾರದು.

ಮಲೇರಿಯಾ ಅಲ್ಲಿ ಮಾಮೂಲು, ಆದರೆ ಸಸಾರವಲ್ಲ. ಮಾತ್ರೆ ಯಾವುದೆಂದು ವೈದ್ಯರು ಹೇಳಬೇಕು. ಡಾಕ್ಸಿಸೈಕ್ಲಿನ್ ಆದರೆ ದಿನಕ್ಕೆ 100 ಮಿಲಿಗ್ರಾಂ, ಹೊರಡುವ ಒಂದೆರಡು ದಿನ ಮೊದಲೇ ಶುರು, ಹಿಂದಿರುಗಿದ ಮೇಲೆ ನಾಲ್ಕು ವಾರ. ತುಂಬ ನೀರಿನೊಡನೆ ನುಂಗಬೇಕು, ಕೂಡಲೇ ಮಲಗಿದರೆ ಅನ್ನನಾಳ ಸುಡುತ್ತದೆ. ವೈವ್ಯಾಕ್ಸ್ ಜಾತಿಯ ರೋಗಾಣು ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ನಂತರ ಏಳಬಲ್ಲದು. ಅದನ್ನು ತೊಲಗಿಸುವ ಪ್ರಿಮಾಕ್ವಿನ್ ಎಲ್ಲರಿಗೂ ಒಗ್ಗದು. ಯಾರಿಗೆ ಒಗ್ಗದೆಂದು ತಿಳಿಯಲು ಹೊರಡುವ ಮೊದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ನೋಡುವ ರಕ್ತಪರೀಕ್ಷೆ ಮಾಡಿಸಿಡಿ. ಊರಿಗೆ ಬಂದ ಮೇಲೆ ಜ್ವರ ಬಂದರೆ, ಎಲ್ಲಿಂದ ಬಂದವನೆಂದು ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಬೇಕು. ಹವಳ ತರಚಿದ ಗಾಯವನ್ನು ಅಂದೇ ಸೋಪು ಹಾಕಿ ತೊಳೆದು ಮುಚ್ಚದಿದ್ದರೆ ವಾರದೊಳಗೆ ಹುಣ್ಣಾಗಿ ನಡೆಯಲು ಬಿಡದು.

ಅಡಿಕೆ? ಖಂಡಿತ ಸಿಗುತ್ತದೆ, ಹೆಸರು ‘ಬುವಾಯಿ’. ಹಸಿಯದ್ದನ್ನೇ, ವೀಳ್ಯದೆಲೆಗೆ ಬದಲು ಅದೇ ಜಾತಿಯ ಬಳ್ಳಿಯ ಕಡ್ಡಿಯಂಥ ಕಾಯಿಯನ್ನು ಹವಳದ ಸುಣ್ಣಕ್ಕೆ ಅದ್ದಿ ಜಗಿಯುತ್ತಾರೆ. ಸುಣ್ಣ ಜಾಸ್ತಿಯಾದರೆ ಬಾಯಿ ಸುಡುತ್ತದೆ. ಅಡಿಕೆಯೇ ಕ್ಯಾನ್ಸರ್‌ಕಾರಕವೆಂಬುದೂ ನೆನಪಿರಲಿ.

ಸಾಮಾನಿನ ಗಂಟಿಗೆ ಹೆಚ್ಚು ತುರುಕಬೇಡಿ. ಬೇಗ ಒಣಗುವ ನಾಲ್ಕು ಜೊತೆ ಬಟ್ಟೆ, ಔಷಧಿ ಲೇಪಿಸಿದ ಸೊಳ್ಳೆಪರದೆ, ತಲೆಗೆ ಕಟ್ಟುವ ಟಾರ್ಚು, ಸೋಲಾರ್ ಚಾರ್ಜರ್, ನೀರು ಹೋಗದ ಚೀಲ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ. ಉಪ್ಪಿನಕಾಯಿ, ಹಪ್ಪಳ, ಬೀಜಗಳನ್ನು ಕಸ್ಟಮ್ಸ್ ಫಾರ್ಮಿನಲ್ಲಿ ತೋರಿಸದೆ ಒಯ್ಯಬಾರದು. ನಮ್ಮ ಉರುಟು ಕಾಲಿನ ಪ್ಲಗ್ ಅಲ್ಲಿ ಸೇರುವುದಿಲ್ಲ. ಓರೆಯಾದ ಚಪ್ಪಟೆ ಕಾಲಿನ, ಆಸ್ಟ್ರೇಲಿಯಾ ಮಾದರಿಯ ಅಡಾಪ್ಟರ್ ಎರಡು ಇರಲಿ.